ಹಗ್ಗ ಹಿಡಿದವರೆಲ್ಲ ಒಳಗೆ

ಮೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಐದೂವರೆ. ಯಶವಂತಪುರದ ಹಿಂದಿನ ಕೆರೆಯಂಗಳದ ಮೈದಾನದಲ್ಲಿ ಹಾಜರಿದ್ದವರು ಇಬ್ಬರು, ಅಪ್ಪ ಮತ್ತು ನಾನು. ಇರಬೇಕಾದವರು ಇಪ್ಪತ್ತು ಜನ. ನನಗಾಗ ಹತ್ತು ವರ್ಷ.

ಆ ಕಾಲದಲ್ಲಿ ನಮ್ಮ ಕಡೆ ಫುಟ್‌ಬಾಲ್ ಕ್ಲಬ್ ಅಂದರೆ ಆಡುವ ಹನ್ನೊಂದು ಮಂದಿ ಮಾತ್ರ ಅಲ್ಲ. ಪಂದ್ಯದ ದಿನ ಬೆಳಿಗ್ಗೆ ನೋಡುವವರೇ ಬಂದು ಕಲ್ಲು ಆರಿಸಿ, ನೀರು ಚಿಮುಕಿಸಿ, ಸುಣ್ಣ ಕಲಸಿ ಗೆರೆ ಎಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಅವರವರ ಎಡಗೈ ಮಣಿಕಟ್ಟಿನ ಮೇಲೆ ಸುಣ್ಣದ ಬೆರಳಿನಿಂದ ಒಂದು ಗೀಟು ಹಾಕಲಾಗುತ್ತಿತ್ತು. ಅದೇ ಅವರ ಟಿಕೆಟ್ಟು. ಕೆಲಸಕ್ಕೆ ಬರಲಾಗದವರಿಗೆ ಟಿಕೆಟ್ಟಿಗೆ ಒಂದು ಟೀ, ಒಂದು ಬನ್ನಿನಷ್ಟು ಬೆಲೆ. ಒದ್ದೆ ಸುಣ್ಣದ ವಾಸನೆ, ಬಾಷಾ ಚಾಚಾನ ಸ್ಟೌವಿನ ಮೇಲೆ ಕುದಿಯುವ ಟೀ, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಇವೆಲ್ಲ ಸೇರಿದರೆ ನನಗೆ ಈಗಲೂ ಭಾನುವಾರ. ಗೆರೆ ಒಣಗುವವರೆಗೆ ನಾವು ಹುಡುಗಿಯರು ಮೂಲೆಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು. ಗೆರೆ ತುಳಿದರೆ ಬೈಗುಳ ಖಾತ್ರಿ.

ಅಳತೆಯ ಹಗ್ಗ ಅಪ್ಪನದು. ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಅಲ್ಲಿಂದಲೇ ಒಂದು ಹಳೆಯ ತೆಂಗಿನ ನಾರಿನ ಹಗ್ಗ ತಂದು, ಮೈದಾನದ ಅಳತೆಗಳಿಗೆ ಸರಿಯಾಗಿ ಗಂಟು ಹಾಕಿದ್ದ. ಆರು ಗಜಕ್ಕೆ ಹಳದಿ ಬಟ್ಟೆ, ಹದಿನೆಂಟು ಗಜಕ್ಕೆ ಕೆಂಪು. ಮನೆಯಲ್ಲಿ ಅದಕ್ಕೊಂದು ಮೊಳೆ. ಬಳಸಿದ ದಿನವೇ ತೊಳೆದು ಮೊಳೆಗೆ ಹಾಕಬೇಕು. ಆ ಕೆಲಸ ನನ್ನದು.

ಆ ಭಾನುವಾರ ಫೈನಲ್. ಅಪ್ಪನ ತಮ್ಮ ಕಿಟ್ಟಿ, ನನ್ನ ಚಿಕ್ಕಪ್ಪ, ನಮ್ಮ ತಂಡದ ಗೋಲಿ, ಅಂದರೆ ಗೋಲು ಕಾಯುವವನು. ತಾಯಿಯಿಲ್ಲದ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅಪ್ಪ. ಅವನ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ.

ಮರದ ಡಿಪೋ ಇಟ್ಟಿದ್ದ ಕ್ಲಬ್ಬಿನ ಕಾರ್ಯದರ್ಶಿ ಹನುಮಯ್ಯ ಆರಕ್ಕೆ ಬಂದರು. ಹಿಂದೆ ಇಬ್ಬರು ಕೂಲಿಯವರು, ಒಂದು ಗಾಡಿ ತುಂಬ ಹೊಲಿದ ಗೋಣಿ.

"ಮುನಿಯಪ್ಪ, ನಿಂಗೆ ಯಾರೂ ಹೇಳ್ಲಿಲ್ವಾ? ಈ ಸಲ ಸುಣ್ಣದ ಗೀಟು ಇಲ್ಲ. ಸುತ್ತ ಗೋಣಿ ಕಟ್ತೀವಿ. ಟಿಕೆಟ್ ತಗೊಂಡೋರಿಗೆ ಮಾತ್ರ ಆಟ."

"ಯೋಳಿದ್ರು ಸ್ವಾಮಿ. ಆದ್ರೂ ಗೆರೆ ಎಳೀಬೇಕಲ್ಲ, ಅದಕ್ಕೇ ಬಂದೆ."

"ನೀನು ಎಳೆದ್ರೂ ಟಿಕೆಟ್ ತಗೋಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡ. ಐದು ಹುಡುಗ್ರಿಗೆ ಬೂಟಿಲ್ಲ, ಎಲ್ಲಿಂದ ತರ್ಲಿ?"

ಹನುಮಯ್ಯ ಕೆಟ್ಟವರಲ್ಲ. ಬೂಟಿಲ್ಲದಿದ್ದದ್ದೂ ನಿಜ. ಆದರೆ ಟಿಕೆಟ್ಟಿಗೆ ಅವರು ಇಟ್ಟ ಬೆಲೆ ಅಪ್ಪನ ಒಂದು ದಿನದ ಕೂಲಿ. ಅಪ್ಪ ಹಗ್ಗ ಸುತ್ತಿಕೊಂಡು ಮನೆಗೆ ಬಂದು ಮೊಳೆಗೆ ಹಾಕಿದ.

"ಸಾಯಂಕಾಲ ಏನ್ ಮಾಡ್ತೀಯಪ್ಪಾ?" ಎಂದು ಕೇಳಿದೆ.

"ಒರಗಡೆ ನಿಂತ್ಕೊಂಡು ಕೇಳಿಸ್ಕೊಳ್ಳೋದು."

ನಾಲ್ಕು ಗಂಟೆಗೆ ಗೋಣಿಯ ಹೊರಗೆ ಊರೇ ನಿಂತಿತ್ತು. ಒಳಗೆ ಕುರ್ಚಿಗಳ ಮೇಲೆ ಕಂಟ್ರಾಕ್ಟರುಗಳು, ಅವರ ನೆಂಟರು. ಮಿಕ್ಕ ಕುರ್ಚಿಗಳು ಖಾಲಿ. ನಾನು ಹೊಲಿಗೆಯ ಸಂದಿಗೆ ಕಣ್ಣಿಟ್ಟು ವರದಿ ಕೊಡುತ್ತಿದ್ದೆ.

"ಚಿಕ್ಕಪ್ಪ ಹೆಜ್ಜೆ ಹಾಕ್ತಾ ಇದ್ದಾನೆ."

"ಯಾವ ಕಡೆ?"

"ಗೋಲಿಂದ ಮುಂದಕ್ಕೆ. ನಿಂತ. ಮತ್ತೆ ವಾಪಸ್ ಹೋಗಿ ಎಣಿಸ್ತಾ ಇದ್ದಾನೆ."

ಅಪ್ಪನ ಮುಖ ಮೊದಲ ಸಲ ಸಡಿಲವಾಯಿತು. ಗೋಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದಾದದ್ದು ಗೋಲಿನ ಮುಂದಿನ ದೊಡ್ಡ ಚೌಕದೊಳಗೆ ಮಾತ್ರ. ಅದರ ಅಳತೆ ಚಿಕ್ಕಪ್ಪನ ಕಾಲಿಗೆ ಕಂಠಪಾಠ. ಕೂಲಿಯವರು ಹಗ್ಗವಿಲ್ಲದೆ ಹೆಜ್ಜೆಯಲ್ಲೇ ಅಳೆದಿದ್ದರು. ಒಂದು ತುದಿಗೆ ಉದ್ದ ಕಾಲಿನವನು, ಇನ್ನೊಂದು ತುದಿಗೆ ಗಿಡ್ಡ ಕಾಲಿನವನು. ಒಂದು ಚೌಕ ಇನ್ನೊಂದಕ್ಕಿಂತ ಎರಡು ಗಜ ದೊಡ್ಡದು.

ಚಿಕ್ಕಪ್ಪ ಹೇಳಿದ್ದು ಕೇಳಿ ರೆಫರಿ ತಾವೇ ನಡೆದು ನೋಡಿದರು. ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಗೆರೆ ಸರಿಯಾಗದೆ ಆಟವಿಲ್ಲ.

ಹನುಮಯ್ಯ ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. "ಮುನಿಯಪ್ಪ, ಹಗ್ಗ ಎಲ್ಲಿ?"

"ಮೊಳೇಲಿ."

"ತಗೊಂಡ್ ಬಾರಪ್ಪ, ಮರ್ಯಾದೆ ಹೋಗುತ್ತೆ."

ಅಪ್ಪ ನನ್ನನ್ನು ನೋಡಿದ. ನಾನು ಓಡಿದೆ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ವಾಪಸ್ ಬರುವಷ್ಟರಲ್ಲಿ ಚೌಕಾಸಿ ನಡೆಯುತ್ತಿತ್ತು.

"ಅಗ್ಗ ಇಡಿಯೋಕೆ ಜನ ಬೇಕು ಸ್ವಾಮಿ."

"ಎಷ್ಟು ಜನ?"

"ಯಾವಾಗ್ಲೂ ಇಪ್ಪತ್ತು."

"ಎರಡು ಗೆರೆಗೆ ಇಪ್ಪತ್ತು ಜನಾನಾ?"

ಬಾಷಾ ಚಾಚಾ ಟೀ ಲೋಟ ಕೆಳಗಿಟ್ಟ. "ಚೂನಾ ಕಲಸೋಕೇ ಹತ್ತು ಆದ್ಮಿ ಬೇಕು, ಸೆಕ್ರೆಟ್ರಿ ಸಾಬ್. ಬೆಳಿಗ್ಗೆ ಎರಡು ಆದ್ಮಿ ಇಟ್ಟು ನೋಡಿದ್ರಲ್ಲ, ಏನಾಯ್ತು?"

ಕುರ್ಚಿಯವರೂ ನಕ್ಕರು. ಹನುಮಯ್ಯ ರೆಫರಿಯ ಕಡೆ ನೋಡಿದರು, ಗಡಿಯಾರ ನೋಡಿದರು. "ಆಯ್ತು, ಹಗ್ಗ ಹಿಡಿದೋರು ಒಳಗೆ ಬನ್ನಿ."

ಆ ಮಾತು ಆಡುವ ಮೊದಲು ಅವರು ಹಗ್ಗದ ಉದ್ದ ಯೋಚಿಸಬೇಕಿತ್ತು. ಅದು ಐವತ್ತು ಗಜ. ಅಪ್ಪ ತುದಿ ಹಿಡಿದು ಒಳಗೆ ಹೋದ. ಹಿಂದೆ ನಾನು, ನನ್ನ ಹಿಂದೆ ಬಾಷಾ ಚಾಚಾ, ಅವನ ಹಿಂದೆ ಶೆಡ್ಡಿನ ಹಮಾಲರು, ಎಮ್ಮೆ ಕಟ್ಟುವವರು, ಹೂ ಮಾರುವ ಹೆಂಗಸರು. ಅಪ್ಪ ಗೋಲು ಮುಟ್ಟಿದಾಗಲೂ ಹಗ್ಗದ ಇನ್ನೊಂದು ತುದಿ ಬಾಗಿಲ ಹೊರಗೇ ಇತ್ತು, ಜನ ಹಿಡಿದುಕೊಳ್ಳುತ್ತಲೇ ಇದ್ದರು. ಹನುಮಯ್ಯ ಮೊದಮೊದಲು ಎಣಿಸಿದರು. ಆಮೇಲೆ ಬಿಟ್ಟರು.

ಕೆಂಪು ಬಟ್ಟೆಯ ಗಂಟಿಗೆ ಸರಿಯಾಗಿ ಅಪ್ಪ ಹೊಸ ಗೆರೆ ಎಳೆದ, ತಪ್ಪು ಗೆರೆಯನ್ನು ಮಣ್ಣೆಳೆದು ಮುಚ್ಚಿಸಿದ. ಇಪ್ಪತ್ತು ನಿಮಿಷದ ಕೆಲಸ. ಬಾಷಾ ಚಾಚಾ ಎಲ್ಲರ ಮಣಿಕಟ್ಟಿಗೂ ಗೀಟು ಹಾಕುತ್ತ ಹೋದ. ಕೊನೆಗೆ ಹನುಮಯ್ಯನವರ ಮುಂದೆಯೂ ನಿಂತ. ಅವರು ಅಂಗಿಯ ತೋಳು ಮಡಚಿ ಎಡಗೈ ಚಾಚಿದರು.

ಆಟ ನಾವು ಗೆದ್ದೆವು. ಗೋಲು ಹೊಡೆದವರು ಯಾರೆಂದು ಮರೆತಿದ್ದೇನೆ. ಚಿಕ್ಕಪ್ಪ ಅಡ್ಡಲಾಗಿ ಹಾರಿ ಒಂದು ಚೆಂಡು ತಡೆದಾಗ, ಎಂದೂ ದನಿಯೆತ್ತದ ಅಪ್ಪ "ಕಿಟ್ಟೀ" ಎಂದು ಕೂಗಿದ್ದು ಮಾತ್ರ ಮರೆತಿಲ್ಲ. ಮುಂದಿನ ಪಂದ್ಯದಿಂದ ಮೈದಾನದ ಕೆರೆ ಏರಿಯ ಬದಿ ಮತ್ತೆ ಟೀ ಬನ್ನಿನ ಬೆಲೆಗೆ ಬಂತು. ಕುರ್ಚಿಯವರಿಗೆ ದುಬಾರಿ ಟಿಕೆಟ್ ಉಳಿಯಿತು. ಎರಡೂ ಬದಿ ತುಂಬಿದವು, ದೀಪಾವಳಿಯ ಹೊತ್ತಿಗೆ ಐವರಿಗೂ ಬೂಟು ಬಂತು.

ಈಗ ಆ ಮೈದಾನದ ಮೇಲೆ ಅಪಾರ್ಟ್‌ಮೆಂಟ್ ಇದೆ. ಕೆಂಪಾಪುರದಿಂದ ನಮ್ಮ ಮನೆಗೆ ಹಾಲು ತರುವ ಇಮ್ರಾನ್ ಊರಿನ ದೊಡ್ಡ ತಂಡದ ಜರ್ಸಿ ತೊಟ್ಟೇ ಬರುತ್ತಾನೆ, ಆಟ ನೋಡುವುದು ಮೊಬೈಲಿನಲ್ಲಿ. "ಹೆಂಡ್ತಿ ಮಕ್ಕಳ್ನ ಕರ್ಕೊಂಡು ಹೋದ್ರೆ ಹಾಲಿನ ದುಡ್ಡೆಲ್ಲ ಗೇಟಲ್ಲೇ ಹೋಗುತ್ತೆ ಅಮ್ಮಾ" ಅನ್ನುತ್ತಾನೆ. ಅದೇ ಆಟದಲ್ಲಿ ಖಾಲಿ ಕುರ್ಚಿಗಳ ಸಾಲನ್ನು ನಾನೂ ಟಿವಿಯಲ್ಲಿ ನೋಡಿದ್ದೇನೆ. ಮೈದಾನ ಹೋದದ್ದಕ್ಕಿಂತ, ಈ ತಂಡ ನನ್ನದು ಎಂದು ಮಣಿಕಟ್ಟು ತೋರಿಸಿ ಒಳಗೆ ಹೋಗುವ ಹಕ್ಕು ಹೋದದ್ದು ದೊಡ್ಡ ನಷ್ಟ. ಅದನ್ನು ವಾಪಸ್ ತರುವುದು ಕಷ್ಟವಲ್ಲ. ಒಂದು ಬದಿಯನ್ನು ಟೀ ಬನ್ನಿನ ಬೆಲೆಗೆ ಬಿಟ್ಟುಕೊಟ್ಟರೆ ಸಾಕು. ನಾವು ಮಾಡಿ ನೋಡಿದ್ದೇವೆ, ಕ್ಲಬ್ಬು ಮುಳುಗಲಿಲ್ಲ.

ಆ ದಿನ ಸಂಜೆ ಆರೂವರೆಗೆ ಮನೆ ಸೇರಿದೆವು. ಕೈತೊಳೆಯದೆ ತಟ್ಟೆ ಮುಟ್ಟಲು ಬಿಡದ ಅಪ್ಪ ಅವತ್ತು ಬಲಗೈ ಮಾತ್ರ ತೊಳೆದು, ಎಡಗೈಯನ್ನು ನೀರು ತಾಗದಂತೆ ಹಿಂದಕ್ಕೆ ಇಟ್ಟುಕೊಂಡ. ನಾನು ಹಗ್ಗ ತೊಳೆದೆ. ಹಳದಿ ಗಂಟು, ಕೆಂಪು ಗಂಟು ಎರಡೂ ಬಿಗಿಯಾಗಿವೆಯೇ ಎಂದು ಎಳೆದು ನೋಡಿ, ಸುತ್ತಿ, ಮೊಳೆಗೆ ಹಾಕಿದೆ.