ಗೋಡೆ ನಡುಗಿಸುವ ಪೆಟ್ಟಿಗೆ

ನಾನು ಬೇಸ್ ಗಿಟಾರ್ ನುಡಿಸುತ್ತೇನೆ ಎಂದು ಹೇಳಿದರೆ ಜನ ಮರುಗುತ್ತಾರೆ. ಕೆಲವರು ಮಾಮೂಲಿ ಗಿಟಾರ್ ಕೈಗೆ ಹತ್ತಲಿಲ್ಲವೇ ಎಂದು ಕೇಳುತ್ತಾರೆ. ಇನ್ನು ಕೆಲವರು ಅದರಲ್ಲಿ ನಾಲ್ಕೇ ತಂತಿ ಇರುವುದನ್ನು ನೋಡಿ, ಉಳಿದೆರಡು ಕಿತ್ತುಹೋಗಿವೆ, ಪಾಪ, ಮೇಷ್ಟ್ರ ಸಂಬಳದಲ್ಲಿ ಹಾಕಿಸಲು ಆಗಿಲ್ಲ ಎಂದುಕೊಳ್ಳುತ್ತಾರೆ. ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಸಂಜೆ ಮತ್ತು ರಜೆಗಳಲ್ಲಿ ಗುರುಮೂರ್ತಿ ಎಂಬವರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರಿಗ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಛತ್ರದ ರಿಸೆಪ್ಷನ್, ಎಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೋ ಅಲ್ಲೆಲ್ಲ ನಾವು ಹಾಜರು.

ಇಂಥ ವೇದಿಕೆಗಳ ದೊರೆ ಗಾಯಕ ಎಂದು ನೀವು ತಿಳಿದಿದ್ದರೆ ಅದು ತಪ್ಪು. ದೊರೆ ಎಂದರೆ ಸೌಂಡ್ ಸಿಸ್ಟಮ್‌ನವನು. ಎದುರು ಮನೆಯ ಕಿಟಕಿ ಗಾಜು ಅಲುಗಿದರೆ ಸೌಂಡ್ ಚೆನ್ನಾಗಿದೆ, ಅಲುಗದಿದ್ದರೆ ಇನ್ನೂ ಏರಿಸಬೇಕು, ಇಷ್ಟೇ ಅವನ ಸಂಗೀತಶಾಸ್ತ್ರ. ಕೀಬೋರ್ಡ್, ರಿದಮ್ ಪ್ಯಾಡ್, ಗಾಯಕರು, ನಿರೂಪಕ, ನಡುವೆ ಬಂದು ಶಾಲು ಹೊದಿಸಿಕೊಂಡು ಭಾಷಣ ಮಾಡುವ ವಾರ್ಡಿನ ಮುಖಂಡರು, ಇವರೆಲ್ಲರ ಮೈಕಿಗೂ ಜಾಗ ಕೊಟ್ಟ ಮೇಲೆ ನನಗೆ ಉಳಿಯುವುದು ಒಂದು ಸಡಿಲವಾದ ವೈರು. ಅದನ್ನು ಎಲ್ಲೋ ಸಿಕ್ಕಿಸಿ, ಬರ್ತಾ ಇದೆ ಸಾರ್ ಎನ್ನುತ್ತಾನೆ. ಎಲ್ಲಿಗೆ ಬರುತ್ತಿದೆ ಎಂಬುದು ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ಜನರ ಎದೆ ನಡುಗುವುದು ನಿಜ. ಆದರೆ ಅದು ರಿದಮ್ ಪ್ಯಾಡಿನ ಗುದ್ದು, ನನ್ನ ಸಾಧನೆಯಲ್ಲ.

ಒಂದು ವರ್ಷ ಗಣೇಶನ ಹಬ್ಬ ಹತ್ತಿರವಾದಾಗ ಗುರುಮೂರ್ತಿಯವರು ನನ್ನನ್ನು ಪಕ್ಕಕ್ಕೆ ಕರೆದರು. “ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ನೀವು ನುಡ್ಸೋದು ಪಕ್ಕದಲ್ಲಿರೋ ನಂಗೇ ಕೇಳ್ಸಲ್ಲ, ಇನ್ನು ಜನಕ್ಕೇನ್ ಕೇಳ್ಸುತ್ತೆ? ಬೇಸನ್ನ ಕೀಬೋರ್ಡ್‌ನವನೇ ಎಡಗೈಲಿ ನುಡಿಸ್ಕೋತಾನಂತೆ” ಎಂದರು. ವ್ಯಾನಿನಲ್ಲಿ ಒಂದು ಸೀಟೂ ಉಳಿಯುತ್ತದೆ ಎಂಬುದನ್ನು ಸೌಜನ್ಯಕ್ಕೆ ಹೇಳಲಿಲ್ಲ. ಮಲ್ಲತ್ತಹಳ್ಳಿಯ ಕಾರ್ಯಕ್ರಮ ಒಂದನ್ನು ನೋಡಿ ತೀರ್ಮಾನಿಸೋಣ ಎಂದು ನಾನೇ ಬೇಡಿಕೊಂಡೆ. ಇಷ್ಟು ವರ್ಷದ ನನ್ನ ವಿದ್ಯೆಯನ್ನು ಇನ್ನೊಬ್ಬನ ಎಡಗೈ ನುಂಗಿಬಿಡುತ್ತದಲ್ಲ ಎಂದು ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ಇನ್ನೊಂದು ತಂಡ ನನ್ನನ್ನು ಸೇರಿಸಿಕೊಳ್ಳುವುದಿಲ್ಲ, ಮನೆಯಲ್ಲಿ ಒಬ್ಬನೇ ಬೇಸ್ ನುಡಿಸುವುದೆಂದರೆ ತೊಗರಿಬೇಳೆಯ ಕಟ್ಟನ್ನು ಅನ್ನವಿಲ್ಲದೆ ಕುಡಿದಂತೆ.

ನನ್ನದೇ ಒಂದು ಆಂಪ್ ಇದ್ದರೆ ಸೌಂಡಿನವನ ದಾಕ್ಷಿಣ್ಯ ಬೇಕಿಲ್ಲ ಎಂದು ಹೊಳೆಯಿತು. ತಂತಿಯ ದನಿಯನ್ನು ದೊಡ್ಡದು ಮಾಡಿ ಹೊರಗೆ ಕಳಿಸುವ ಪೆಟ್ಟಿಗೆ ಅದು. ಕಡಿಮೆ ದುಡ್ಡಿನಲ್ಲಿ ಯಾವುದು ಒಳ್ಳೆಯದೆಂದು ತಿಳಿಯಲು ಯೂಟ್ಯೂಬ್ ತೆರೆದೆ. ಅಲ್ಲಿನ ವಿಮರ್ಶಕರಷ್ಟು ನಿಶ್ಚಿಂತ ಜನರನ್ನು ನಾನು ಕಂಡಿಲ್ಲ. ಎಲ್ಲರೂ ತಮ್ಮ ಮಲಗುವ ಕೋಣೆಯಲ್ಲಿ, ಫ್ಯಾನ್ ಕೂಡ ಆರಿಸಿಕೊಂಡು, ಕಣ್ಣು ಮುಚ್ಚಿ ನುಡಿಸುತ್ತಾರೆ. ಹಾಡಿನ ನಡುವೆ ಪಟಾಕಿ ಹೊಡೆಯುವವರ, ವೇದಿಕೆ ಹತ್ತಿ ಕುಣಿಯುವವರ ಕಾಟ ಅವರಿಗಿಲ್ಲ. ಬೆಣ್ಣೆಯಂತಿದೆ, ಬೆಚ್ಚಗಿದೆ, ದುಂಡಗಿದೆ ಎಂದು ವರ್ಣಿಸುವುದನ್ನು ಕೇಳಿದರೆ ಇವರು ಆಂಪ್ ನೋಡುತ್ತಿದ್ದಾರೋ ಇಡ್ಲಿ ತಿನ್ನುತ್ತಿದ್ದಾರೋ ಎಂದು ಅನುಮಾನ ಬರುತ್ತದೆ.

ರಾಜಾಜಿನಗರದ ಅಂಗಡಿಯ ಸೇಲ್ಸ್‌ಮನ್ ಇವರಿಗಿಂತ ಒಂದು ಕೈ ಮೇಲು. ಬೇಸ್ ಆಂಪ್ ಕೇಳಿದರೆ ಮಾಮೂಲಿ ಗಿಟಾರನ್ನು ಅದಕ್ಕೆ ಸಿಕ್ಕಿಸಿ, ಬೆರಳುಗಳನ್ನು ಇಲಿ ಓಡಿದ ಹಾಗೆ ಓಡಿಸಿ, ಹೆಂಗಿದೆ ಸಾರ್ ಎಂದ. ಬೇಸ್ ಸಿಕ್ಕಿಸಪ್ಪಾ ಎಂದೆ. ಎಲ್ಲ ಒಂದೇ ಸಾರ್, ವಾಟ್ ಜಾಸ್ತಿ ಇದ್ದರೆ ಆಯಿತು ಎಂದ. ಈ ವಾಟಿನ ಹುಚ್ಚು ನಮ್ಮ ಊರಿನದು. ಮನೆಗೆ ಚದರಡಿ, ಮಗುವಿಗೆ ಶೇಕಡಾವಾರು, ಆಂಪ್‌ಗೆ ವಾಟು, ಒಂದು ಅಂಕಿ ಕೈಗೆ ಸಿಕ್ಕಿಬಿಟ್ಟರೆ ನಮಗೆ ಕಣ್ಣು ಕಿವಿ ಎರಡೂ ಬೇಡ.

ಬೇಸಿನಂಥ ಮಂದ್ರ ದನಿಗೆ ಮರ್ಯಾದೆ ಸಿಗದಿರುವುದು ಇವತ್ತಿನ ಮಾತಲ್ಲ, ಬಿಡಿ. ಕಚೇರಿಯಲ್ಲಿ ತಂಬೂರಿ ಹಿಡಿದವರನ್ನು ನೋಡಿ. ಇಡೀ ಸಂಗೀತ ಅವರ ಶ್ರುತಿಯ ಮೇಲೆ ನಿಂತಿರುತ್ತದೆ, ಕೂರುವುದು ಮಾತ್ರ ಹಿಂದೆ, ಆಹ್ವಾನಪತ್ರಿಕೆಯಲ್ಲಿ ಹೆಸರು ಅಪರೂಪ. ಕೊನೆಗೆ ಆ ಜಾಗಕ್ಕೆ ಒಂದು ಎಲೆಕ್ಟ್ರಾನಿಕ್ ಡಬ್ಬಿ ಬಂದಾಗಲೂ ಸಭಿಕರು ತಲೆಯಾಡಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಜಾಗಕ್ಕೆ ಡಬ್ಬಿಯೂ ಬೇಡವಾಗಿ, ಬರೀ ಎಡಗೈ ಸಾಕಾಗಿತ್ತು.

ಹೊಸದು ಎಟುಕದ್ದರಿಂದ ಸೆಕೆಂಡ್ ಹ್ಯಾಂಡ್ ಹುಡುಕಿ ಸುಂಕದಕಟ್ಟೆಗೆ ಹೋದೆ. ಮಾರುತ್ತಿದ್ದವನು ಹುಬ್ಬಳ್ಳಿ ಕಡೆಯ ಬಸವರಾಜ. ಊಟದ ಪಾರ್ಸಲ್ ತಲುಪಿಸುವ ಕೆಲಸ, ಕಾಲೇಜಿನಲ್ಲಿದ್ದಾಗ ಬ್ಯಾಂಡ್ ಕಟ್ಟಿದ್ದನಂತೆ. ಅವನದು ಒಂದೇ ಕೋಣೆಯ ಮನೆ, ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಆಂಪ್. “ಸಣ್ಣದೈತಿ ಅಂತ ತಿಳಕೋಬ್ಯಾಡ್ರಿ ಸರ, ಗ್ವಾಡಿ ನಡಗತಾವ” ಎಂದ. ನಾನು ಒಂದು ತಂತಿ ಮೀಟಿದೆ. ಗೋಡೆ ನಿಜವಾಗಿ ನಡುಗಿತು. ಮೊಳೆಗೆ ನೇತುಹಾಕಿದ್ದ ಕ್ಯಾಲೆಂಡರ್ ಕುಣಿಯಿತು, ನನ್ನ ಹಲ್ಲು ಜುಮ್ಮೆಂದವು. ಆಗಲೇ ಮಲ್ಲತ್ತಹಳ್ಳಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ನೋಡಿಬಿಟ್ಟೆ. ಚೌಕಾಸಿ ಕೂಡ ಮಾಡದೆ ಆಟೋಗೆ ಹಾಕಿಸಿದೆ.

ಮಲ್ಲತ್ತಹಳ್ಳಿಯ ವೇದಿಕೆ ಇದ್ದದ್ದು ಕೆರೆಯ ಹತ್ತಿರದ ಬಯಲಿನಲ್ಲಿ. ನನ್ನ ಪೆಟ್ಟಿಗೆಯನ್ನು ಮುಂದೆ, ಜನರಿಗೆ ಎದುರಾಗಿ, ದೇವರ ಹಾಗೆ ಕೂರಿಸಿ ತಂತಿ ಮೀಟಿದೆ. ಏನೂ ಇಲ್ಲ. ಗುಂಡಿ ತಿರುಗಿಸಿ ತುದಿ ಮುಟ್ಟಿಸಿದೆ. ನೆಗಡಿಯಾದವನು ದೂರದಲ್ಲಿ ಗಂಟಲು ಸರಿಮಾಡಿಕೊಂಡಂತೆ ಏನೋ ಕೇಳಿಸಿತು. ಆಗ ಹೊಳೆಯಿತು, ನಾನು ಕೊಂಡದ್ದು ಆಂಪ್ ಅಲ್ಲ, ಬಸವರಾಜನ ಬಾಡಿಗೆ ಮನೆಯ ಗೋಡೆ. ಚಿಕ್ಕ ಕೋಣೆಯ ಮೂಲೆ ಮಂದ್ರ ದನಿಯನ್ನು ಹಿಗ್ಗಿಸುತ್ತದೆ, ಬಯಲು ನುಂಗುತ್ತದೆ. ಅವನು ಸುಳ್ಳು ಹೇಳಿರಲಿಲ್ಲ. ಗೋಡೆಗೆ ಬಡಿದ ದನಿ ಮರಳಿ ಬಂದು ತುಂಬಿಕೊಳ್ಳುವ ಅನುರಣನ ಎಂಬ ಪಾಠವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ಬರುತ್ತದೆ ಎಂದು ಮಕ್ಕಳನ್ನು ಹೆದರಿಸುವ ಮಹಾನುಭಾವ ನಾನೇ ಅಲ್ಲವೇ? ವೇದಿಕೆಯ ಪಕ್ಕದಲ್ಲಿ ಗುರುಮೂರ್ತಿಯವರು ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದರು. ಇಲ್ಲಿಗೆ ಮುಗಿಯಿತು ಅನ್ನಿಸಿತು.

ಮೊದಲ ಹಾಡು ಮುಗಿದಾಗ ನಮ್ಮ ಗಾಯಕಿ ಶೈಲಜಾ ನನ್ನ ಬಳಿ ಬಂದಳು. ಜನ ಬರುವುದೇ ಅವಳ ಹಾಡಿಗೆ. ಗಾಯಕರಿಗೆ ತಮ್ಮ ಹಾಡು ತಮಗೆ ಕೇಳಿಸಲೆಂದು ಇಡುವ ಸ್ಪೀಕರ್ ನಮ್ಮಲ್ಲಿ ಒಂದೇ, ಅದು ಗಂಡಸು ಗಾಯಕನ ಕಾಲ ಬಳಿಯೇ ಇರುತ್ತದೆ. ಅವಳು ಇಷ್ಟು ವರ್ಷ ಅಂದಾಜಿನಲ್ಲೇ ಶ್ರುತಿ ಹಿಡಿದು ಹಾಡಿದ್ದಳು. ನಾನು ಅದನ್ನು ಒಂದು ದಿನವೂ ಗಮನಿಸಿರಲಿಲ್ಲ. “ಮೇಷ್ಟ್ರೇ, ಅದನ್ನ ಸ್ವಲ್ಪ ನನ್ನ ಕಡೆ ತಿರುಗ್ಸಿ” ಎಂದಳು. ತಿರುಗಿಸಿದರೆ ಜನರಿಗೆ ಕಾಣುವುದು ಪೆಟ್ಟಿಗೆಯ ಬೆನ್ನು. ನನಗೆ ಸುತರಾಂ ಇಷ್ಟವಿರಲಿಲ್ಲ. ಹೇಗೂ ಮಾನ ಹೋಗಿದೆಯಲ್ಲ ಎಂದು ತಿರುಗಿಸಿದೆ.

ಆಮೇಲೆ ಅವಳು ಹಾಡಿದ್ದನ್ನು ನೀವು ಕೇಳಬೇಕಿತ್ತು. ಕಿವಿಯ ಮೇಲೆ ಕೈ ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿತ್ತು, ಆ ಕೈ ಕೆಳಗಿಳಿಯಿತು. ಮೇಲಿನ ಸ್ವರಕ್ಕೆ ಹೋಗುವಾಗ ಅನುಮಾನಿಸದೆ ಹೋದಳು. ಕುಣಿಯುತ್ತಿದ್ದ ಪಡ್ಡೆಗಳು ಕೂಡ ನಿಂತು ಕೇಳಿದರು. ಜೀವಮಾನದಲ್ಲಿ ಮೊದಲ ಸಲ ನನ್ನ ಬೇಸ್ ಒಬ್ಬರಿಗೆ ಬೇಕಾಗಿತ್ತು.

ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ಗುರುಮೂರ್ತಿಯವರು ಬಂದು, ಇವತ್ತೂ ನಿಮ್ಮ ಬೇಸ್ ಕೇಳಿಸಲಿಲ್ಲವಲ್ಲ ಮೇಷ್ಟ್ರೇ ಎಂದು ಪೀಠಿಕೆ ಹಾಕಿದರು. ನಾನು ತಲೆ ತಗ್ಗಿಸಿದೆ. ಶೈಲಜಾ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ನಂಗೆ ಕೇಳ್ಸ್ತು ಸಾರ್. ಇನ್ಮೇಲೆ ಅವ್ರು ಬರ್ದೇ ಇದ್ರೆ ನಾನೂ ಬರಲ್ಲ” ಎಂದಳು. ಗುರುಮೂರ್ತಿಯವರು ಆಂಪನ್ನು ವ್ಯಾನಿನಲ್ಲಿ ಎಲ್ಲಿಡುವುದು ಎಂದು ಕೇಳಿದರು.

ಇಡೀ ಮೈದಾನಕ್ಕೆ ಕೇಳಿಸಬೇಕೆಂಬ ಆಸೆ ನನ್ನಲ್ಲಿ ಸತ್ತಿದೆ ಎಂದು ತಿಳಿಯಬೇಡಿ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೂ ಕಡಿಮೆ ದುಡ್ಡಿಗೆ ಯಾವ ಆಂಪ್ ಕೊಳ್ಳಲಿ ಎಂದು ಯಾರಾದರೂ ಸಲಹೆ ಕೇಳಿದರೆ, ನಿಮ್ಮ ದನಿ ಯಾರಿಗೆ ಬೇಕಾಗಿದೆ ಎಂದು ಮೊದಲು ನೋಡಿಕೊಳ್ಳಿ, ಅವರೊಬ್ಬರಿಗೆ ಕೇಳಿಸುವಷ್ಟು ದೊಡ್ಡ ಪೆಟ್ಟಿಗೆ ಯಾರ ಕೈಗಾದರೂ ಎಟುಕುತ್ತದೆ ಎನ್ನುತ್ತೇನೆ. ಅವರು ಬಹಳ ಗೌರವದಿಂದ ತಲೆಯಾಡಿಸುತ್ತಾರೆ. ಆಮೇಲೆ, ಅದೆಲ್ಲ ಸರಿ ಸಾರ್, ಎಷ್ಟು ವಾಟ್ ಎಂದು ಕೇಳುತ್ತಾರೆ.