ಹಲಸಿನ ಪರಿಮಳದ ಕಾಫಿ

ಮೊನ್ನೆ ಮಾಜಿವಾಡಾದ ಹೊಸ ಕಾಫಿ ಅಂಗಡಿಯಲ್ಲಿ ಮಗಳು ತರಿಸಿದ ಕಪ್ಪು ಕಾಫಿಯಿಂದ ಮಾಗಿದ ಹಲಸಿನ ವಾಸನೆ ಬಂತು. "ಮಮ್ಮಿ, ಇದು ಫ್ರೂಟಿ ಕಾಫಿ ಅದ, ಟ್ರೈ ಕರ್ ನಾ" ಎಂದಳು. ಆ ವಾಸನೆ ಗುರುತಿಸಲು ನನಗೆ ಕಲಿಸಿದವರು ಡೊಂಬಿವಲಿಯ ಚಾಳಿನಲ್ಲಿ ಪಕ್ಕದ ಖೋಲಿಯಲ್ಲಿದ್ದ, ನಾನು ಅಣ್ಣ ಎಂದು ಕರೆಯುತ್ತಿದ್ದ ನೆರೆಯವರು...

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ಗದಗಿನಿಂದ ಬಂದವಳು ನಾನು. ಚಹಾ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅಣ್ಣ ಪುತ್ತೂರಿನವರು, ಬಣ್ಣದ ಕಾರ್ಖಾನೆಯಲ್ಲಿ ಕೆಲಸ. ಕೊಡಗಿನ ತೋಟದಲ್ಲಿದ್ದ ಅವರ ಭಾವ, ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿ ತೆಗೆದ ಬೀಜ ಕಳಿಸುತ್ತಿದ್ದರು. ಭಾನುವಾರ ಅಣ್ಣ ಅದನ್ನು ಹುರಿದು, ಪುಡಿ ಮಾಡಿ, ಮೊದಲ ಲೋಟ ನನಗೆ ಕೊಡುತ್ತಿದ್ದರು.

"ಕುಡಿಯಬೇಡ ತಂಗಿ, ಮೊದಲು ಮೂಸಿ ನೋಡು. ಹಲಸಿನ ತೊಳೆ ಬಿಡಿಸಿದ ಹಾಗೆ ಉಂಟಲ್ಲ?"

ಮೊದಮೊದಲು ತಿಳಿಯುತ್ತಿರಲಿಲ್ಲ. ತಿಳಿದ ದಿನ ಅಣ್ಣ ಅದನ್ನು ಚಾಳಿಗೆಲ್ಲ ಹೇಳಿಕೊಂಡು ಬಂದರು.

ಕೆಲವು ವರ್ಷಗಳ ಮೇಲೆ ಒಂದು ಸಂಜೆ ಗ್ಯಾಲರಿಯ ತುಂಬ ಸೀದ ವಾಸನೆ. ಓಡಿಹೋಗಿ ನೋಡಿದರೆ ಹಾಲಿನ ಪಾತ್ರೆ ಕಪ್ಪಾಗಿತ್ತು. ಅಣ್ಣ ಸ್ಟೋವಿಗೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದರು.

ಕಾರ್ಖಾನೆಯ ರಾಸಾಯನಿಕ ಹಬೆಯಿಂದ ಮೂಗು ಹೀಗಾಗಿದೆ, ಕೆಲಸ ಬಿಟ್ಟರೂ ವಾಸನೆ ಮರಳುವ ಭರವಸೆಯಿಲ್ಲ ಎಂದರು ಕಲ್ಯಾಣದ ಡಾಕ್ಟರು. ಅಣ್ಣನ ಹೆಂಡತಿ, ನಾನು ವೈನಿ ಎನ್ನುತ್ತಿದ್ದವರು, ಜಗಳವಾಡಿ, ಅತ್ತು ಕೆಲಸ ಬಿಡಿಸಿದರು. ಅಣ್ಣ ಹೋಟೆಲಿನ ಗಲ್ಲಾದಲ್ಲಿ ಕೂತರು. ಕಾದರು... ವಾಸನೆ ಮರಳಲಿಲ್ಲ.

ಆದರೂ ಬೀಜದ ಬಣ್ಣ ನೋಡಿಕೊಂಡೇ ಹುರಿಯುತ್ತಿದ್ದರು. ಒಂದು ಭಾನುವಾರ ಲೋಟ ಕೊಟ್ಟು ನನ್ನ ಮುಖವನ್ನೇ ನೋಡಿದರು.

"ಹಲಸು ಉಂಟಾ?"

"ಅದ ಅಣ್ಣಾ. ಛಲೋ ಅದ."

"ಹೇಗುಂಟು, ಹೇಳು."

ಸಿಹಿ ಅಂದೆ. ಸ್ವಲ್ಪ ಹುಳಿ, ಜೇನಿನ ಹಾಗೆ ಅಂದೆ. ಕಣ್ಣು ಮುಚ್ಚಿ ಕೇಳಿಸಿಕೊಂಡು, ತಲೆಯಾಡಿಸಿದರು.

"ಇಲ್ಲ ತಂಗಿ. ನೀನು ಹೇಳುವುದೆಲ್ಲ ಅರ್ಥ ಆಗ್ತದೆ. ಆದ್ರೆ ಆ ವಾಸನೆ ನೆನಪಿಗೇ ಬರುವುದಿಲ್ಲ."

ವೈನಿ ಬಾಗಿಲ ಮರೆಗೆ ಸರಿದರು. ಕಾಫಿ ನನ್ನ ಕೈಯಲ್ಲೇ ಆರಿಹೋಯಿತು. ಅದಾದ ಮೇಲೆ ಬೀಜ ಕಳಿಸಬೇಡಿ ಎಂದು ಅಣ್ಣ ಭಾವನಿಗೆ ತಿಳಿಸಿದರು.

ಮುಂದೆ ಅವರು ಟಿಟ್ವಾಳಾಕ್ಕೆ ಮನೆ ಬದಲಿಸಿದರು, ಅಣ್ಣ ಅಲ್ಲೇ ತೀರಿಕೊಂಡರು. ಸಾವಿನ ಮನೆಗೆ ಮಾತಾಡಿಸಲು ಹೋದಾಗ, ಕೊನೆಗಾದರೂ ವಾಸನೆ ತಿಳಿಯುತ್ತಿತ್ತೇ ಎಂದು ವೈನಿಯನ್ನು ಕೇಳಿದೆ.

"ಇಲ್ಲ ಮಾರಾಯ್ತಿ. ದಿನಾ ಮುಖ ತೊಳೆಯುವಾಗ ಸಾಬೂನು ಮೂಸಿ ನೋಡ್ತಿದ್ದರು. ಕಡೇ ತನಕ ನೋಡಿದರು."

ಈಗ ವೈನಿಯೂ ಇಲ್ಲ. ಬೆಳಿಗ್ಗೆ ಸಾಬೂನು ಕೈಗೆತ್ತಿಕೊಂಡಾಗ ಒಮ್ಮೊಮ್ಮೆ ನಾನೂ ಮೂಸಿ ನೋಡುತ್ತೇನೆ. ನನಗೆ ಗಂಧದ ವಾಸನೆ ಬರುತ್ತದೆ...