ತೆಳ್ಳಗೆ ಕೊಯ್ದ ಖಂಡ, ದುರ್ಗವ್ವನ ಹೆಸರು

ಆ ಖಂಡ ಕೊಯ್ದವಳು ನಾನು. ದುರ್ಗವ್ವ ಅಲ್ಲ. ಇಷ್ಟು ಬರೆಯಲು ನನಗೆ ಒಂದು ಜನ್ಮ ಹಿಡಿಯಿತು — ಅಕ್ಷರ ಬಾರದ್ದಕ್ಕಲ್ಲ, ಬಾಯಿ ಇದ್ದೂ ಮುಚ್ಚಿಕೊಂಡದ್ದಕ್ಕೆ.

ದುರ್ಗವ್ವ ನನ್ನ ನೆಗೆಣ್ಣಿ, ಭಾವನ ಹೆಂಡತಿ. ಭಾವ ಸತ್ತಿದ್ದ. ಒಲೆ ಬೇರೆ, ಹಿತ್ತಲು ಒಂದೇ. ಕೇರಿಯಲ್ಲಿ ಖಂಡವನ್ನು ವೀಳ್ಯದೆಲೆಯಷ್ಟು ತೆಳ್ಳಗೆ ಕೊಯ್ಯುವವಳು ಅವಳೊಬ್ಬಳೇ. ಅಣ್ಣಿಗೇರಿ ಸಂತೆಯಿಂದ ಒಂದು ತುಂಡು ತಂದರೆ ನಾಲ್ಕು ದಿನ ಉಣಿಸುತ್ತಿದ್ದಳು. ಹಸಿಯದಕ್ಕೆ ಉಪ್ಪು-ಖಾರ ಸವರಿ, ಕಾದ ಹಂಚಿನ ಮೇಲೆ ಎರಡೂ ಮಗ್ಗಲು ಹಾಕಿ ತೆಗೆದುಬಿಡಬೇಕು. ತಡವಾದರೆ ಚಪ್ಪಲಿಯ ಅಟ್ಟೆಯೇ ಸರಿ. ಮರುದಿನ ಪುಂಡಿಪಲ್ಲೆಯಲ್ಲಿ ಕುದಿಸಿ ಹುಳಿ ಹಿಡಿಸುವುದು. ಒಣಗಿದ್ದನ್ನು ಕೆಂಡದಲ್ಲಿ ಸುಟ್ಟು, ಬಳ್ಳೊಳ್ಳಿ ಕೂಡಿಸಿ ಕುಟ್ಟಿ, ಬಿಸಿ ರೊಟ್ಟಿಯ ಮೇಲೆ ಎಣ್ಣೆ ಬಿಟ್ಟು ತಿನ್ನುವುದು. ಉಳಿದ ಚೂರು ಜೋಳದ ನುಚ್ಚಿಗೆ. ಇದೆಲ್ಲ ನನ್ನ ಅಡಿಗೆ ಎಂದು ಈಗ ಮೊಮ್ಮಗಳು ಎಲ್ಲರಿಗೂ ಹೇಳುತ್ತಾಳೆ. ಒಂದೂ ನನ್ನದಲ್ಲ. ಕೊಯ್ಯುವುದನ್ನು ಕೂಡ ಅವಳೇ ಕಲಿಸಿದ್ದು, ನನ್ನ ಕೈ ಹಿಡಿದು.

ಬರಗಾಲದ ಮರುವರ್ಷ, ಎಪ್ಪತ್ತಮೂರನೇ ಇಸವಿ. ಸತ್ತ ದನದ ಖಂಡ ಮುಟ್ಟುವುದಿಲ್ಲ ಎಂದು ಕೇರಿಯೇ ಆಣೆ ಮಾಡಿತ್ತು. ಆಣೆ ಸರಿಯಾಗಿತ್ತು. ನಮ್ಮನ್ನು ಹೀನವಾಗಿ ನೋಡುವವರ ಬಾಯಿ ಮುಚ್ಚಿಸಲು ಮಾಡಿದ್ದು. ಮುರಿದವರ ಮನೆಗೆ ಬೆಂಕಿಯಿಲ್ಲ, ನೀರಿಲ್ಲ, ಹೆಣ್ಣು ಕೊಡುವುದು-ತರುವುದು ಇಲ್ಲ. ಆಗ ಗೌಡರ ಎತ್ತು ಸತ್ತಿತು. ಹೂಳಲು ಹೋದ ನಾಲ್ವರಲ್ಲಿ ನನ್ನ ಗಂಡನೂ ಒಬ್ಬ. ಉಳಿದವರು ಹೋದ ಮೇಲೆ ಮಣ್ಣು ಸರಿಸಿ ಒಂದು ತೊಡೆ ಕಡಿದು ಚೀಲದಲ್ಲಿ ತಂದ. ಬೇಗ ಒಣಗಲಿ, ಬೇಗ ಅಡಗಿಸಿಡೋಣ ಎಂದು ತೆಳ್ಳಗೆ ಕೊಯ್ದು ಹಿತ್ತಲ ಹಗ್ಗಕ್ಕೆ ಹಾಕಿದೆ.

ನಾಯಿಗಳು ಗುಂಡಿ ಕೆದರಿದವು. ತೊಡೆ ಇಲ್ಲದ್ದು ಬಯಲಾಯಿತು. ಹಿರಿಯರು ಮನೆಮನೆ ಹುಡುಕುತ್ತ ನಮ್ಮ ಹಿತ್ತಲಿಗೂ ಬಂದರು. ಎಲ್ಲರಿಗಿಂತ ಹಿರಿಯವನು — ದುರ್ಗವ್ವನ ಮಗಳು ನೀಲವ್ವನನ್ನು ತನ್ನ ಮಗನಿಗೆ ನಿಶ್ಚಯ ಮಾಡಿಕೊಂಡಿದ್ದವನು ಅವನೇ — ಒಂದು ಪಟ್ಟಿಯನ್ನು ಎತ್ತಿ ಬಿಸಿಲಿಗೆ ಹಿಡಿದ.

“ಇಷ್ಟ್ ತೆಳ್ಳಗ ಕೊಯ್ಯೂ ಕೈ ಈ ಕೇರ್ಯಾಗ ಒಂದ ಐತಿ. ಹೌದಲ್ಲಬೇ?”

“ಹೌದ್ರಿ” ಅಂದೆ.

ಅಷ್ಟೇ. ಗಂಡ ನೆಲ ನೋಡುತ್ತ ನಿಂತಿದ್ದ, ಹೇಡಿ. ಅವನನ್ನು ಬೈದು ನಾನು ಪಾರಾಗುವುದಿಲ್ಲ, ಮಾತು ನನ್ನದು.

ದುರ್ಗವ್ವ ಹತ್ತಿ ಹೊಲದಿಂದ ಬಂದಳು. ಪಟ್ಟಿ ನೋಡಿದ ಕೂಡಲೇ ತಿಳಿದುಬಿಟ್ಟಳು. “ಇದು ನನ್ನ ಕೈದಲ್ರಿ. ನಾ ಎಳಿ ಹಿಡದು ಕೊಯ್ಯಾಕಿ. ಇದು ಅಡ್ಡ ಕೊಯ್ದೈತಿ.”

ಗಂಡಸರು ನಕ್ಕರು. “ಖಂಡಕ್ಕೂ ಸಹಿ ಹಾಕ್ತಿಯೇನಬೇ?” ಎಂದ ಒಬ್ಬ.

ಅವಳು ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು. “ತಂಗಿ, ನೀ ಹೇಳ.”

“ನಾ ಏನ್ ಹೇಳ್ಲೆವ್ವಾ. ನಿನ್ನ ಮುಚ್ಚಿಡಾಕ ನನ್ನ ಕಡಿಂದ ಆಗಾಂಗಿಲ್ಲ.”

ಅವಳು ಕೇಳಿದ್ದು ನಿಜ ಹೇಳೆಂದು, ನಾನು ಆಡಿದ್ದು ಈ ಮಾತು — ಇವತ್ತಿಗೂ ನನ್ನ ನಾಲಿಗೆ ಕಿತ್ತು ಒಗೆಯಬೇಕು ಅನಿಸುತ್ತದೆ. ಹಸಿವಿತ್ತು ಎನ್ನಬೇಡಿ. ಹಸಿವು ಖಂಡ ಕೊಯ್ಯಿಸಿತು, ಸುಳ್ಳು ಹೇಳಿಸಿದ್ದು ಹಸಿವಲ್ಲ. ನನ್ನ ಗಂಡ ಕೂಡ ಅವಳ ಒಲೆಯ ಸಾರನ್ನೇ ಹೊಗಳಿ ಉಣ್ಣುತ್ತಿದ್ದ. ಅದು ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು.

ನಿಶ್ಚಯ ಅವತ್ತೇ ಮುರಿಯಿತು. ಬಾವಿಗೆ ಹೋದರೆ ಅವಳ ಕೊಡಕ್ಕೆ ಯಾರೂ ನೀರು ಹಾಕಲಿಲ್ಲ — ನಾನೂ ಹಾಕಲಿಲ್ಲ. ಎಂಟು ದಿನ ಕಾದು, ಮಗಳನ್ನು ಕರೆದುಕೊಂಡು ತವರು ಮಿಶ್ರಿಕೋಟಿಗೆ ಹೋದಳು. ನೀಲವ್ವನನ್ನು ಕಡೆಗೆ ಅಲ್ಲಿಯೇ ಮೂರು ಮಕ್ಕಳಿದ್ದ ಮುದುಕನಿಗೆ ಕೊಟ್ಟರು. ಸಿಕ್ಕಿಬಿದ್ದ ಖಂಡವನ್ನು ಹೂಳುತ್ತೇವೆ ಎಂದು ಒಯ್ದ ಹಿರಿಯರಲ್ಲಿ ಇಬ್ಬರ ಮನೆಯಿಂದ, ಹುಡುಕಾಟ ನಡೆದ ದಿನವೇ ಸಂಜೆ, ಸುಟ್ಟ ಖಂಡದ ವಾಸನೆ ಬಂತು. ನನ್ನ ಮೂಗಿಗೆ ಬಂದದ್ದು ಕೇರಿಗೆಲ್ಲ ಬಂದಿರಬೇಕು. ಯಾರೂ ಉಸಿರೆತ್ತಲಿಲ್ಲ. ಅವರ ಆಣೆಗೆ ಬಲಿಯಾಗಲು ಗಂಡನಿಲ್ಲದವಳು ಒಬ್ಬಳು ಸಾಕಾಗಿತ್ತು — ಅವಳನ್ನು ಹಿಡಿದು ಕೊಟ್ಟವಳು ನಾನು.

ದುರ್ಗವ್ವ ಸತ್ತ ಸುದ್ದಿ ಬಂದಾಗಲೂ ಹೋಗಲಿಲ್ಲ. ಹೊಟ್ಟೆನೋವು ಎಂದೆ. ಅದೂ ಸುಳ್ಳು.

ನಿನ್ನೆ ಮೊಮ್ಮಗಳಿಗೆ ಎಲ್ಲ ಹೇಳಿದೆ. ಮಿಶ್ರಿಕೋಟಿಗೆ ಹೋಗಿ ನೀಲವ್ವನ ಕಾಲು ಹಿಡಿ ಎನ್ನುತ್ತಾಳೆ. ಹೋಗುತ್ತೇನೆ. ಆದರೆ ಅವಳ ತಾಯಿಯ ಹೆಸರು ಕೆಟ್ಟದ್ದು ಮಿಶ್ರಿಕೋಟಿಯಲ್ಲಲ್ಲ, ಇಲ್ಲಿ. ಆ ಹಿರಿಯರ ಮಕ್ಕಳು, ಮೊಮ್ಮಕ್ಕಳು ಈಗಲೂ ಮುಂಜಾನೆ ಬೇವಿನ ಕಟ್ಟೆಗೆ ಬಂದು ಕೂಡುತ್ತಾರೆ. ನಾಳೆ ಅಲ್ಲಿ ನಿಂತು, ದುರ್ಗವ್ವನ ಹೆಸರು ಮೊದಲು ಹೇಳಿ, ಆಮೇಲೆ ನನ್ನ ಹೆಸರು ಹೇಳುತ್ತೇನೆ. ನಂತರ ಈ ಮುದುಕಿಗೆ ಯಾರೂ ನೀರು ಕೊಡದಿದ್ದರೆ, ಕೊಡದೇ ಇರಲಿ.